ವರ್ಷವಾರು ವೆಚ್ಚದ ಪಟ್ಟಿ ತಾಳ ತಪ್ಪಿದಾಗ: ವೈಮಾನಿಕ ಯೋಜನೆಗಳ ಬಜೆಟ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಒಟ್ಟು ವೆಚ್ಚದ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಅದನ್ನು ವರ್ಷಗಳಿಗೆ ಹಂಚಿದ ಪಟ್ಟಿ ಮಾತ್ರ ಪ್ರತಿ ಪರಿಶೀಲನಾ ಸಭೆಯಿಂದಲೂ ಕೆಂಪು ಶಾಯಿಯ ಗುರುತು ಹೊತ್ತು ಹಿಂದಿರುಗುತ್ತದೆ. ಮೊದಲ ವರ್ಷದ ಹಣ ಖರ್ಚಾಗದೆ ಉಳಿಯುತ್ತದೆ, ಮರುವರ್ಷ ಕೈ ಕಟ್ಟಿಹೋಗುತ್ತದೆ, ಕೊನೆಯ ವರ್ಷಕ್ಕೆ ಬಂದಾಗ ಪರೀಕ್ಷೆಗೆ ಇಟ್ಟ ಹಣವೇ ಇರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ವಿಮಾನದ ಬಿಡಿಭಾಗ, ಉಪಗ್ರಹದ ಪರೀಕ್ಷಾ ಸಲಕರಣೆ ಇತ್ಯಾದಿ ಮಾಡಿಕೊಡಲು ದರಪತ್ರ ಹಾಕುವ ಸಣ್ಣ ಘಟಕದವರಿಗೆ, ಎಂಜಿನಿಯರಿಂಗ್ ಕಾಲೇಜಿನ ಸಂಶೋಧನಾ ತಂಡದವರಿಗೆ, ಅವರ ಲೆಕ್ಕ ನೋಡುವ ಅಕೌಂಟೆಂಟರಿಗೆ ಈ ಕೈಪಿಡಿ. ಬೀದರಿನಲ್ಲಿ ತಲೆಯ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಹಾರುವುದನ್ನು ನೋಡುತ್ತಲೇ ಬೆಳೆದ ಹುಡುಗರು ಈಗ ಅಂಥ ವಿಮಾನಕ್ಕೆ ಬೇಕಾದ ಭಾಗಗಳ ದರಪತ್ರ ಬರೆಯುತ್ತಿದ್ದಾರೆ. ವಿನ್ಯಾಸದಲ್ಲಿ ಅವರು ಗಟ್ಟಿ. ಹಣ ಯಾವ ವರ್ಷ ಎಷ್ಟು ಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಒಟ್ಟನ್ನು ವರ್ಷಗಳಿಂದ ಭಾಗಿಸಿ ಕೈ ತೊಳೆದುಕೊಳ್ಳುತ್ತಾರೆ.

ಪಟ್ಟಿ ತಪ್ಪಿದ ಕೂಡಲೇ ಎಲ್ಲರೂ ಬೈಯುವುದು ಸೂತ್ರವನ್ನು, ವಕ್ರರೇಖೆಯನ್ನು (ಕಾಲ ಕಳೆದಂತೆ ಒಟ್ಟು ಹಣದ ಎಷ್ಟು ಪಾಲು ಖರ್ಚಾಗುತ್ತದೆ ಎಂದು ತೋರಿಸುವ ಗೆರೆ). ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಗೆ ಅನುಮಾನಿಸಬೇಕು. ದೋಷ ಹೆಚ್ಚಾಗಿ ಅಡಗಿರುವುದು ಮೂರು ಜಾಗಗಳಲ್ಲಿ: ಆರಂಭದ ದಿನಾಂಕ, 'ವೆಚ್ಚ' ಎಂದರೆ ಯಾವ ಹಣ ಎಂಬ ಗೊಂದಲ, ಬೆಲೆ ಯಾವ ವರ್ಷದ್ದು ಎಂಬುದು. ಇವನ್ನು ನೋಡಲು ಖರ್ಚಿಲ್ಲ, ಒಂದು ಸಂಜೆ ಸಾಕು. ಹಾಗಾಗಿ ಕೆಳಗಿನ ಕ್ರಮದಲ್ಲೇ ನೋಡಿ.

ಕೈ ಹಚ್ಚುವ ಮುನ್ನ ಕೆಲವು ಎಚ್ಚರಿಕೆಗಳು. ಕಂಪ್ಯೂಟರಿನ ಲೆಕ್ಕದ ಹಾಳೆಯ ಪ್ರತಿ ತೆಗೆದುಕೊಂಡು ಪ್ರತಿಯಲ್ಲಿಯೇ ತಿದ್ದಿ. ಮಂಜೂರಾದ ಮೊತ್ತಗಳಿರುವ ಕಾಲಂ ಅನ್ನು ಯಾವ ಕಾರಣಕ್ಕೂ ಮುಟ್ಟಬೇಡಿ; ಹೊಸ ಲೆಕ್ಕ ಅದರ ಪಕ್ಕದ ಕಾಲಂನಲ್ಲಿ ಬರಲಿ. ರಕ್ಷಣೆ ಅಥವಾ ಬಾಹ್ಯಾಕಾಶ ಗುತ್ತಿಗೆಯ ಅಂಕಿಗಳಿರುವ ಕಡತವನ್ನು ಅಂತರ್ಜಾಲದ ಉಚಿತ ಲೆಕ್ಕ ಸಾಧನಗಳಿಗೆ ಏರಿಸಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ 'ಯಾರಾದರೂ ನೋಡಿ' ಎನ್ನಬೇಡಿ. ಗೋಪ್ಯತೆಯ ಷರತ್ತು ಮುರಿದರೆ ಹೋಗುವುದು ಬರಿಯ ಹಣವಲ್ಲ.

## ಲಕ್ಷಣ: ವರ್ಷಗಳ ಮೊತ್ತ ಕೂಡಿದರೆ ಒಟ್ಟಿಗೆ ತಾಳೆಯಾಗುವುದಿಲ್ಲ

ಇದು ಅತಿ ಸುಲಭದ ದೋಷ. ವ್ಯತ್ಯಾಸ ಕೆಲವು ಸಾವಿರ ರೂಪಾಯಿಯಾದರೆ ದಶಮಾಂಶ ಕತ್ತರಿಸಿದ್ದರ ಫಲ. ಕೊನೆಯ ವರ್ಷವನ್ನು ಸೂತ್ರದಿಂದ ತರದೆ, ಒಟ್ಟಿನಿಂದ ಉಳಿದವನ್ನು ಕಳೆದು ಬರೆದರೆ ಮುಗಿಯಿತು. ವ್ಯತ್ಯಾಸ ಹತ್ತು ಪಟ್ಟಿದ್ದರೆ ಯಾರೋ ಕೋಟಿಯನ್ನೂ ಮಿಲಿಯನ್ನನ್ನೂ ಬೆರೆಸಿದ್ದಾರೆ. ಒಂದು ಕೋಟಿ ಎಂದರೆ 10 ಮಿಲಿಯನ್. ವಿದೇಶಿ ದರಪಟ್ಟಿಯಿಂದ ನಕಲು ಮಾಡಿದ ಸಾಲುಗಳಲ್ಲಿ ಇದು ಆಗಾಗ ಸಿಗುತ್ತದೆ. ವ್ಯತ್ಯಾಸ ಸರಿಸುಮಾರು ಶೇ 18 ಇದ್ದರೆ ಜಿಎಸ್‌ಟಿ ಒಂದು ಕಡೆ ಸೇರಿದೆ, ಇನ್ನೊಂದು ಕಡೆ ಬಿಟ್ಟುಹೋಗಿದೆ.

ಕರಾರುವಾಕ್ಕಾಗಿ ಶೇ 3ರಷ್ಟು ಕಡಿಮೆ ಬರುತ್ತಿದ್ದರೆ ಅದೊಂದು ಬೇರೆ ಸುಳಿವು. ಯಾರೋ ರೇಲಿ ವಕ್ರರೇಖೆ, ಅಂದರೆ ಖರ್ಚು ಬೇಗ ಏರಿ ನಿಧಾನವಾಗಿ ಇಳಿಯುತ್ತದೆ ಎಂದು ಹಿಡಿಯುವ ಸೂತ್ರ, ಬಳಸಿದ್ದಾರೆ. ಆ ರೇಖೆಗೆ ಬಾಲ ಉದ್ದ, ಗಣಿತದ ಪ್ರಕಾರ ಅದು ಎಂದಿಗೂ ಪೂರ್ತಿ 100ಕ್ಕೆ ಮುಟ್ಟುವುದಿಲ್ಲ. ಹಾಗಾಗಿ ಶೇ 97 ಖರ್ಚಾದ ದಿನವನ್ನೇ ಯೋಜನೆಯ ಮುಕ್ತಾಯ ಎಂದು ಹಿಡಿಯುವುದು ರೂಢಿ. ಪ್ರತಿ ವರ್ಷದ ಅಂಕಿಯನ್ನು 0.97ರಿಂದ ಭಾಗಿಸಿದರೆ ಲೆಕ್ಕ ಕೂಡಿಬರುತ್ತದೆ.

## ಲಕ್ಷಣ: ಮೊದಲ ವರ್ಷದ ಹಣ ಖರ್ಚೇ ಆಗುವುದಿಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಾನು ನೋಡಿದ ಪಟ್ಟಿಗಳ ಪೈಕಿ ಬಹುಪಾಲು ಮುಗ್ಗರಿಸುವುದು ಇಲ್ಲಿಯೇ.

ಮೊದಲು ದಿನಾಂಕ ಇರುವ ಸೆಲ್ ನೋಡಿ. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದು ಇದ್ದರೆ, ನೀವು ಅಕ್ಟೋಬರ್ 1 ಎಂದು ಭಾವಿಸಿ ಹೊಡೆದ 01/10/2026 ಅನ್ನು ಅದು ಜನವರಿ 10 ಎಂದು ಓದುತ್ತದೆ. ಪರದೆಯ ಮೇಲೆ ಏನೂ ಬದಲಾದಂತೆ ಕಾಣುವುದಿಲ್ಲ. ಯೋಜನೆ ಮಾತ್ರ ಸುಮಾರು ಒಂಬತ್ತು ತಿಂಗಳು ಹಿಂದಕ್ಕೆ ಜಾರಿ, ಹಿಂದಿನ ಆರ್ಥಿಕ ವರ್ಷದಲ್ಲಿ ಕೂತುಬಿಡುತ್ತದೆ. ಗುರುತು ಹಿಡಿಯುವ ಬಗೆ ಹೀಗೆ: ತಿಂಗಳ 12ರವರೆಗಿನ ದಿನಾಂಕಗಳು ಸದ್ದಿಲ್ಲದೆ ತಿರುಗುಮುರುಗಾಗುತ್ತವೆ, 13ರಿಂದ ಮುಂದಿನವು ದಿನಾಂಕವೇ ಆಗದೆ ಬರಿಯ ಪಠ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತವೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ನಿಮ್ಮ ದೋಷ ಸಿಕ್ಕಿತು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುವುದು ಇದಕ್ಕೆ ಮದ್ದು.

ದಿನಾಂಕ ಸರಿಯಿದ್ದರೆ ಆರ್ಥಿಕ ವರ್ಷಕ್ಕೆ ಬನ್ನಿ. ಯೋಜನೆಯ ಮೊದಲ ವರ್ಷವೂ ಸರ್ಕಾರದ ಮೊದಲ ವರ್ಷವೂ ಒಂದೇ ಎಂದು ಹಿಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಪನೂರು ಕೈಗಾರಿಕಾ ಪ್ರದೇಶದ ಒಂದು ಘಟಕ 40 ಕೋಟಿ ರೂಪಾಯಿಯ, 36 ತಿಂಗಳ ಪರೀಕ್ಷಾ ಸಲಕರಣೆಯ ಕೆಲಸ ಹಿಡಿದಿದೆ ಎನ್ನಿ. ಅವಧಿಯ ಅರ್ಧದಲ್ಲಿ ಶೇ 60 ಖರ್ಚಾಗುವ ರೇಖೆಯನ್ನು (ಅದರ ಸೂತ್ರ ಮುಂದೆ ಬರುತ್ತದೆ) ಬಳಸಿದರೆ, ಯೋಜನೆಯ ಮೊದಲ 12 ತಿಂಗಳಿಗೆ ಶೇ 31.5, ಅಂದರೆ ಸುಮಾರು 12.6 ಕೋಟಿ ಬರುತ್ತದೆ. ಪಟ್ಟಿಯಲ್ಲಿ ಅದನ್ನೇ ಮೊದಲ ಆರ್ಥಿಕ ವರ್ಷಕ್ಕೆ ಬರೆಯುತ್ತಾರೆ. ಆದರೆ ಕೆಲಸ ಅಕ್ಟೋಬರ್ 1ಕ್ಕೆ ಶುರುವಾದರೆ ಮಾರ್ಚ್ 31ರೊಳಗೆ ಸಿಗುವುದು ಆರೇ ತಿಂಗಳು. ಅದೂ ರೇಖೆಯ ಅತಿ ಚಪ್ಪಟೆಯಾದ ಆರಂಭದ ಭಾಗ. ಅಲ್ಲಿ ಖರ್ಚಾಗುವುದು ಶೇ 8.7, ಅಂದರೆ ಸುಮಾರು 3.48 ಕೋಟಿ. ನೀವು 12.6 ಕೋಟಿ ಕೇಳಿದ್ದೀರಿ, ಕಚೇರಿ ಕೊಟ್ಟಿದೆ, ಒಂಬತ್ತು ಕೋಟಿ ಉಳಿದಿದೆ. ಮರುವರ್ಷ ಹಣ ಕೇಳಲು ಹೋದಾಗ 'ಮೊದಲು ಕೊಟ್ಟದ್ದನ್ನೇ ಖರ್ಚು ಮಾಡಲಿಲ್ಲವಲ್ಲ' ಎಂಬ ಮಾತು ಕೇಳಬೇಕಾಗುತ್ತದೆ. ಆ ಮರುವರ್ಷವೇ ನಿಮಗೆ ಶೇ 51.3 ಬೇಕಾಗಿರುತ್ತದೆ.

ಹೀಗೆ 36 ತಿಂಗಳ ಯೋಜನೆ ನಾಲ್ಕು ಆರ್ಥಿಕ ವರ್ಷಗಳಿಗೆ ಚೆಲ್ಲಿಕೊಳ್ಳುತ್ತದೆ: ಶೇ 8.7, 51.3, 37.5, ಕೊನೆಗೆ 2.5. ನಿಮ್ಮ ಪಟ್ಟಿಯಲ್ಲಿ ಮೂರೇ ಕಾಲಂ ಇದ್ದರೆ ಮುಂದಕ್ಕೆ ಓದುವ ಮೊದಲು ಅದನ್ನು ಸರಿಪಡಿಸಿ.

ಇದೂ ಸರಿಯಿದ್ದರೆ, ಶೂನ್ಯ ದಿನ ಯಾವುದು ಎಂದು ಕೇಳಿಕೊಳ್ಳಿ. ಮಂಜೂರಾತಿ ಪತ್ರದ ದಿನವೋ, ಗುತ್ತಿಗೆಗೆ ಸಹಿ ಬಿದ್ದ ದಿನವೋ, ಜನ ಬಂದು ಕೆಲಸ ಹಿಡಿದ ದಿನವೋ? ರೇಖೆ ಶುರುವಾಗಬೇಕಾದದ್ದು ಮೂರನೆಯದರಿಂದ. ಇವುಗಳ ನಡುವಿನ ಅಂತರ ಎಷ್ಟಾಗಬಹುದು ಎಂಬುದು ಕಲಬುರಗಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ: ನಮ್ಮ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿತ್ತು, ಪ್ರಯಾಣಿಕರ ವಿಮಾನ ಇಳಿದದ್ದು 2019ರ ನವೆಂಬರ್ 22ರಂದು.

## ಲಕ್ಷಣ: 'ಹಣ ಎಲ್ಲ ಮುಗಿದಿದೆ' ಎಂದು ಒಬ್ಬರು, 'ಏನೂ ಖರ್ಚಾಗಿಲ್ಲ' ಎಂದು ಇನ್ನೊಬ್ಬರು

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಖರೀದಿ ವಿಭಾಗದವರು ಆದೇಶ ಹೊರಟ ದಿನವೇ ಹಣ ಹೋಯಿತು ಎಂದುಕೊಳ್ಳುತ್ತಾರೆ. ಎಂಜಿನಿಯರ್ ಕೆಲಸ ಮುಗಿದಷ್ಟನ್ನು ಖರ್ಚು ಎನ್ನುತ್ತಾರೆ. ಅಕೌಂಟೆಂಟರಿಗೆ ಬ್ಯಾಂಕಿನಿಂದ ಹೊರಬಿದ್ದದ್ದಷ್ಟೇ ಖರ್ಚು. ಆದೇಶ, ಕೆಲಸ, ಪಾವತಿ ಈ ಮೂರಕ್ಕೂ ಮೂರು ರೇಖೆಗಳಿವೆ. ಆದೇಶದ ರೇಖೆ ಮುಂದೆ ಓಡುತ್ತದೆ, ಪಾವತಿಯದು ಹಿಂದೆ ಉಳಿಯುತ್ತದೆ. ಅಮೆರಿಕದ ನಾಸಾ, ರಕ್ಷಣಾ ಇಲಾಖೆಗಳಲ್ಲಿ ಖರ್ಚು ಮಾಡುವ ಅಧಿಕಾರ, ಕೊಡುವುದಾಗಿ ಒಪ್ಪಿಕೊಂಡ ಮೊತ್ತ, ನಿಜವಾದ ಹೊರಹರಿವು ಎಂದು ಹಣದ ಹಂತಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ತೋರಿಸುತ್ತಾರೆ. ನಮ್ಮ ಸಣ್ಣ ಘಟಕಗಳ ಹಾಳೆಯಲ್ಲಿ ಮೂರೂ ಒಂದೇ ಕಾಲಂನಲ್ಲಿ ಬೆರೆತಿರುತ್ತವೆ.

ಪರೀಕ್ಷೆ ಸರಳ. ಯಾವುದಾದರೂ ಒಂದು ದೊಡ್ಡ ಸಾಲನ್ನು ಆರಿಸಿಕೊಂಡು ಅದರ ಆದೇಶದ ದಿನ, ಸರಕು ಬಂದ ದಿನ, ಪಾವತಿಯ ದಿನ ಮೂರನ್ನೂ ಬರೆಯಿರಿ. ಪಟ್ಟಿಯಲ್ಲಿರುವ ಮೊತ್ತ ಯಾವ ದಿನಕ್ಕೆ ಹೊಂದುತ್ತದೆ ಎಂದು ನೋಡಿ. ಇನ್ನೊಂದು ಸಾಲಿಗೂ ಹಾಗೆಯೇ ಮಾಡಿ. ಎರಡು ಸಾಲು ಎರಡು ಬೇರೆ ದಿನಗಳಿಗೆ ಹೊಂದಿದರೆ ಪಟ್ಟಿ ಕಲಬೆರಕೆಯಾಗಿದೆ.

ವರ್ಷಾಂತ್ಯದಲ್ಲಿ ಈ ಅಂತರ ದೊಡ್ಡ ಏಟು ಕೊಡುತ್ತದೆ. ಸಣ್ಣ ಕೈಗಾರಿಕೆಗಳ 2006ರ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಗಡುವಿನ ಒಳಗೇ ಪಾವತಿ ಬಂದರೂ, ಫೆಬ್ರುವರಿ 20ರ ಸರಕಿನ ಹಣ ಏಪ್ರಿಲ್ ಮೊದಲ ವಾರಕ್ಕೆ ಜಾರಬಹುದು. ಕೆಲಸ ಈ ವರ್ಷದ್ದು, ಹಣ ಮುಂದಿನ ವರ್ಷದ್ದು.

ಕೊಡುವ ಇಲಾಖೆಯ ಕಡೆಯಿಂದಲೂ ಒಂದು ಬೇಲಿ ಇದೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರ 62(3)ನೇ ನಿಯಮ, ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿಗೆ ಮುಗಿಬೀಳುವುದನ್ನು ಹಣಕಾಸು ಶಿಸ್ತಿನ ಉಲ್ಲಂಘನೆ ಎನ್ನುತ್ತದೆ. ಇಲಾಖೆಗಳ ಮಟ್ಟದಲ್ಲಿ ಕೊನೆಯ ತ್ರೈಮಾಸಿಕಕ್ಕೆ ಆಯವ್ಯಯ ಅಂದಾಜಿನ ಶೇ 33, ಮಾರ್ಚ್ ತಿಂಗಳಿಗೆ ಶೇ 15 ಎಂಬ ಮಿತಿ ಹಾಕಿಕೊಂಡು ಬಂದಿದ್ದಾರೆ. ಆದರೆ ಮೇಲಿನ 40 ಕೋಟಿಯ ಉದಾಹರಣೆಯನ್ನೇ ನೋಡಿ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸುಮಾರು 89 ಲಕ್ಷ, ಜನವರಿಯಿಂದ ಮಾರ್ಚ್‌ವರೆಗೆ ಸುಮಾರು 2.59 ಕೋಟಿ. ಮೊದಲ ವರ್ಷದ ಮುಕ್ಕಾಲು ಪಾಲು ಕೊನೆಯ ತ್ರೈಮಾಸಿಕದಲ್ಲೇ ಬೀಳುತ್ತದೆ. ಯಾರ ಸೋಮಾರಿತನವೂ ಇಲ್ಲಿಲ್ಲ, ಹೊಸ ಯೋಜನೆಯ ರೇಖೆ ಏರುವುದೇ ಹಾಗೆ. ಮಿತಿ ಇರುವುದು ಇಲಾಖೆಯ ಒಟ್ಟು ಅನುದಾನಕ್ಕೆ, ನಿಮ್ಮೊಂದು ಯೋಜನೆಗಲ್ಲ. ಆದರೂ ಪರಿಶೀಲಿಸುವವರು ಕೇಳಿಯೇ ಕೇಳುತ್ತಾರೆ, ತ್ರೈಮಾಸಿಕ ಲೆಕ್ಕವನ್ನು ಮೊದಲೇ ಲಗತ್ತಿಸಿ.

ಎಚ್ಚರಿಕೆ: ಮಾರ್ಚ್ 31ರೊಳಗೆ ಹಣ ಮುಗಿಸಲೆಂದು ಬಾರದ ಸರಕಿಗೆ 'ಬಂದಿದೆ' ಎಂದು ಸಹಿ ಹಾಕುವುದು, ಬೇಡದ ಮುಂಗಡ ಕೊಡುವುದು ದೋಷ ನಿವಾರಣೆಯಲ್ಲ, ಅಪರಾಧ. ಉಳಿದರೆ ಉಳಿಯಲಿ, ಪರಿಷ್ಕೃತ ಅಂದಾಜಿನ ವೇಳೆಗೆ ಬರೆದು ಒಪ್ಪಿಸಿ.

## ಲಕ್ಷಣ: ಎಲ್ಲ ವರ್ಷಕ್ಕೂ ಒಂದೇ ಮೊತ್ತ, ಆದರೆ ನಡುವಿನ ವರ್ಷಗಳಲ್ಲಿ ಸದಾ ಕೊರತೆ

ಈಗ ರೇಖೆಗೆ ಬರೋಣ. ತೊಗರಿ ಬೆಳೆಯುವ ಯಾವ ರೈತನೂ ಜೂನ್‌ನಿಂದ ಜನವರಿವರೆಗೆ ತಿಂಗಳಿಗೆ ಇಷ್ಟೇ ಎಂದು ಸಮನಾಗಿ ಖರ್ಚು ಮಾಡುವುದಿಲ್ಲ. ಬಿತ್ತನೆ, ಕಳೆ, ಹೂವಿನ ಹೊತ್ತಿನ ಔಷಧಿ, ರಾಶಿ, ಪ್ರತಿಯೊಂದಕ್ಕೂ ಅದರದೇ ಹೊತ್ತಿದೆ. ವಿಮಾನ ಅಥವಾ ಉಪಗ್ರಹದ ಅಭಿವೃದ್ಧಿಯಲ್ಲಿ ಮೊದಲು ಕೆಲವೇ ವಿನ್ಯಾಸಕಾರರು ಇರುತ್ತಾರೆ, ನಡುವೆ ಕಚ್ಚಾವಸ್ತು, ಯಂತ್ರಗಾರಿಕೆ, ಜೋಡಣೆ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಕೊನೆಗೆ ಪರೀಕ್ಷೆ ಮತ್ತು ಕಾಗದಪತ್ರ.

ಈ ಆಕಾರವನ್ನು ಹಿಡಿಯಲು ನಾಸಾದ ವೆಚ್ಚ ಅಂದಾಜುಗಾರರು ದಶಕಗಳಿಂದ ಬಳಸುತ್ತ ಬಂದಿರುವುದು ಬೀಟಾ ವಕ್ರರೇಖೆ. ಅವಧಿಯ ಎಷ್ಟು ಭಾಗ ಕಳೆದಿದೆ ಎಂಬುದನ್ನು 'ಕಾ' ಎನ್ನೋಣ, ಅದು 0ಯಿಂದ 1ರವರೆಗೆ ಹೋಗುತ್ತದೆ. ಆ ಹೊತ್ತಿಗೆ ಒಟ್ಟು ವೆಚ್ಚದ ಎಷ್ಟು ಭಾಗ ಮುಗಿದಿರುತ್ತದೆ ಎಂಬುದಕ್ಕೆ ಸೂತ್ರ ಇದು:

10 × ಕಾ² × (1 − ಕಾ)² × (ಅ + ಬ × ಕಾ) + ಕಾ⁴ × (5 − 4 × ಕಾ)

'ಅ' ಮತ್ತು 'ಬ' ರೇಖೆಯ ಆಕಾರವನ್ನು ನಿರ್ಧರಿಸುತ್ತವೆ. ಅ = 0.32, ಬ = 0.68 ಇಟ್ಟರೆ ಅರ್ಧ ಅವಧಿಗೆ ಶೇ 60 ಖರ್ಚಾಗುತ್ತದೆ. ಅ = 0, ಬ = 1 ಇಟ್ಟರೆ ಅರ್ಧಕ್ಕೆ ಅರ್ಧ. ಅ = 0, ಬ = 0.68 ಇಟ್ಟರೆ ಶೇ 40. ಐದು ವರ್ಷದ, 100 ಕೋಟಿಯ ಯೋಜನೆಗೆ ಇವು ಹೀಗೆ ಬರುತ್ತವೆ (ಕೋಟಿ ರೂಪಾಯಿಗಳಲ್ಲಿ):

| ವರ್ಷ | ಅರ್ಧಕ್ಕೆ ಶೇ 60 | ಅರ್ಧಕ್ಕೆ ಶೇ 50 | ಅರ್ಧಕ್ಕೆ ಶೇ 40 |
|---|---|---|---|
| 1 | 12.3 | 5.8 | 4.2 |
| 2 | 30.5 | 26.0 | 20.2 |
| 3 | 32.8 | 36.5 | 32.8 |
| 4 | 20.2 | 26.0 | 30.5 |
| 5 | 4.2 | 5.8 | 12.3 |

ಮೊದಲ ಮತ್ತು ಕೊನೆಯ ಕಾಲಂಗಳು ಒಂದರ ಕನ್ನಡಿಬಿಂಬ ಇನ್ನೊಂದು. ನಿಮ್ಮ ಹಾಳೆ ಸೂತ್ರವನ್ನು ಸರಿಯಾಗಿ ಬರೆದಿದೆಯೇ ಎಂದು ನೋಡಲು ಇದು ಚೆನ್ನಾದ ಪರೀಕ್ಷೆ; ಕನ್ನಡಿ ಕೂಡದಿದ್ದರೆ ಎಲ್ಲೋ ಆವರಣ ಚಿಹ್ನೆ ತಪ್ಪಿದೆ. ಕೂಡಿಕೆಯ ಅಂಕಿಯನ್ನೇ ವರ್ಷದ ಅಂಕಿ ಎಂದು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಸೂತ್ರ ಕೊಡುವುದು ಅಲ್ಲಿಯವರೆಗಿನ ಒಟ್ಟು; ಹಿಂದಿನ ವರ್ಷದ್ದನ್ನು ಕಳೆದರೆ ಮಾತ್ರ ಈ ವರ್ಷದ್ದು ಸಿಗುತ್ತದೆ.

ಸಮನಾಗಿ ಹಂಚಿದರೆ ಎಷ್ಟು ದಾರಿ ತಪ್ಪುತ್ತದೆ ಎಂಬುದಕ್ಕೆ ದೊಡ್ಡ ಅಂಕಿ ಬೇಕೆಂದರೆ, ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ಹೊಸ ಪೀಳಿಗೆಯ ಉಡಾವಣಾ ವಾಹನವನ್ನು ತೆಗೆದುಕೊಳ್ಳಿ. ಮೊತ್ತ 8,240 ಕೋಟಿ, ಅವಧಿ 96 ತಿಂಗಳು. ಭಾಗಿಸಿದರೆ ವರ್ಷಕ್ಕೆ 1,030 ಕೋಟಿ. ಶೇ 60ರ ರೇಖೆಯಲ್ಲಿ ಹಾಕಿದರೆ ಮೊದಲ 12 ತಿಂಗಳಿಗೆ ಸುಮಾರು 408 ಕೋಟಿ, ನಾಲ್ಕನೆಯ ವರ್ಷಕ್ಕೆ ಸುಮಾರು 1,771 ಕೋಟಿ ಬರುತ್ತದೆ. ಇದು ಇಲಾಖೆಯ ಹಂಚಿಕೆಯಲ್ಲ, ನನ್ನ ಅಭ್ಯಾಸದ ಲೆಕ್ಕ. ಭಾಗಾಕಾರಕ್ಕೂ ರೇಖೆಗೂ ನಡುವೆ ಎಷ್ಟು ದೂರ ಎಂಬುದನ್ನು ಕಾಣಲು ಇದು ಸಾಕು.

## ಲಕ್ಷಣ: ರೇಖೆ ಹಾಕಿದ ಮೇಲೂ ಶಿಖರ ಬೇಡದ ವರ್ಷಕ್ಕೆ ಬರುತ್ತದೆ

ಶೇ 60 ಎಂಬುದು ಮಂತ್ರವಲ್ಲ. ಹಳೆಯ ವಿನ್ಯಾಸವನ್ನೇ ಸ್ವಲ್ಪ ತಿದ್ದಿ ಮಾಡುವ ಕೆಲಸದಲ್ಲಿ ಕಚ್ಚಾವಸ್ತು ಬೇಗ ಬರುತ್ತದೆ, ಹಣವೂ ಬೇಗ ಹೋಗುತ್ತದೆ. ಹೊಸ ತಂತ್ರಜ್ಞಾನ ಪಕ್ವವಾಗಬೇಕಾದ ಕೆಲಸದಲ್ಲಿ ಶಿಖರ, ಅಂದರೆ ಅತಿ ಹೆಚ್ಚು ಖರ್ಚಾಗುವ ಹೊತ್ತು, ತಡವಾಗಿ ಬರುತ್ತದೆ. ಆಕಾರ ಬದಲಿಸುವ ಮೊದಲು ಒಂದೇ ಸಲಕ್ಕೆ ಬೀಳುವ ದೊಡ್ಡ ಮೊತ್ತಗಳನ್ನು ಹೊರತೆಗೆಯಿರಿ. ಟೈಟಾನಿಯಂ ಮುದ್ದೆ, ಬಾಹ್ಯಾಕಾಶ ದರ್ಜೆಯ ಎಲೆಕ್ಟ್ರಾನಿಕ್ಸ್, ಆಮದು ಯಂತ್ರ ಇವುಗಳಿಗೆ ಮುಂಗಡ ಮತ್ತು ಕಂತು ಕರಾರಿನಲ್ಲೇ ಬರೆದಿರುತ್ತದೆ. ಅವನ್ನು ರೇಖೆಯ ಮೇಲೆ ಹರಡುವುದರಲ್ಲಿ ಅರ್ಥವಿಲ್ಲ. ಆಯಾ ತಿಂಗಳಿಗೆ ನೇರವಾಗಿ ಬರೆದು, ಉಳಿದ ಮೊತ್ತವನ್ನಷ್ಟೇ ರೇಖೆಗೆ ಕೊಡಿ. ಉಡಾವಣೆಯ ನಂತರದ ನಿರ್ವಹಣಾ ವೆಚ್ಚವನ್ನೂ ಬೇರ್ಪಡಿಸಿ, ಅದು ಸಾಮಾನ್ಯವಾಗಿ ಸಮತಟ್ಟಾಗಿ ಹೋಗುತ್ತದೆ.

ರೇಲಿ ರೇಖೆ ಬಳಸಿದ್ದರೆ ಶಿಖರ ಎಲ್ಲಿ ಬರಬೇಕೆಂಬುದು ಮೊದಲೇ ಗೊತ್ತು. ಐಬಿಎಂನ ಪೀಟರ್ ನಾರ್ಡನ್ ಅಭಿವೃದ್ಧಿ ಯೋಜನೆಗಳ ದುಡಿಮೆ ಏರಿಳಿಯುವ ರೀತಿಗೆ ಇದನ್ನು ಹೊಂದಿಸಿದರು, 1978ರಲ್ಲಿ ಲಾರೆನ್ಸ್ ಪಟ್ನಮ್ ಸಾಫ್ಟ್‌ವೇರ್‌ಗೆ ಒಯ್ದರು, ಬಳಿಕ ರಕ್ಷಣಾ ಸಂಶೋಧನೆಗೂ ಬಂತು. ಮುಕ್ತಾಯವನ್ನು ಶೇ 97ಕ್ಕೆ ಕಟ್ಟಿದರೆ ಶಿಖರ ಅವಧಿಯ ಶೇ 38ರ ಸುಮಾರಿಗೆ ಬರುತ್ತದೆ, ಆ ಹೊತ್ತಿಗೆ ಶೇ 39ರಷ್ಟು ಮುಗಿದಿರುತ್ತದೆ. ನಿಮ್ಮ ಹಾಳೆಯಲ್ಲಿ ಶಿಖರ ಶೇ 60ರ ಬಳಿ ಕಂಡರೆ ಅದು ರೇಲಿಯಲ್ಲ, ಹೆಸರಷ್ಟೇ ಹಾಗಿದೆ.

ಎರಡು ಮೂರು ಕೋಟಿಯ ಕೆಲಸಕ್ಕೆ ಇಷ್ಟೆಲ್ಲ ರೇಖೆ ಎಳೆಯುವುದು ಮೂಗಿಗಿಂತ ಮೂಗುತಿ ಭಾರ. ಅಲ್ಲಿ ಕಂತುಗಳ ಪಟ್ಟಿಯೇ ಸಾಕು.

## ಲಕ್ಷಣ: ಬೆಲೆ ಏರಿಕೆ ಸೇರಿಸಿದ ಕೂಡಲೇ ಒಟ್ಟು ಎಲ್ಲಿಗೋ ಹಾರುತ್ತದೆ

ಮೊದಲು ಹಾಳೆಯ ತಲೆಯಲ್ಲಿ 'ಬೆಲೆ ಯಾವ ವರ್ಷದ್ದು' ಎಂದು ಬರೆದಿದೆಯೇ ನೋಡಿ. ಬರೆಯದಿದ್ದರೆ ಏರಿಕೆ ಎರಡು ಸಲ ಸೇರಿರುವ ಸಾಧ್ಯತೆ ಹೆಚ್ಚು: ಸರಬರಾಜುದಾರ ತನ್ನ ದರದಲ್ಲಿ ಒಮ್ಮೆ ಸೇರಿಸಿರುತ್ತಾನೆ, ನೀವು ಇನ್ನೊಮ್ಮೆ.

ಮೇಲಿನ 100 ಕೋಟಿಯನ್ನೇ ತೆಗೆದುಕೊಂಡು, ಮೊದಲ ವರ್ಷದ ಬೆಲೆಯಲ್ಲಿ ಶುರುಮಾಡಿ ವರ್ಷಕ್ಕೆ ಶೇ 5 ಏರಿಸೋಣ. ಶೇ 60ರ ರೇಖೆಯಲ್ಲಿ ಒಟ್ಟು 108.97 ಕೋಟಿ ಆಗುತ್ತದೆ. ಶೇ 40ರ ರೇಖೆಯಲ್ಲಿ 111.84 ಕೋಟಿ. ಕೆಲಸ ಒಂದೇ, ದರ ಒಂದೇ, ಹಣ ತಡವಾಗಿ ಖರ್ಚಾದದ್ದಕ್ಕೆ ಬಿದ್ದ ಹೆಚ್ಚುವರಿ ಹೊರೆ 2.87 ಕೋಟಿ. ನಿಮ್ಮ ಹಾಳೆ 121.55 ತೋರಿಸುತ್ತಿದ್ದರೆ ಇಡೀ ಮೊತ್ತಕ್ಕೆ ಐದನೆಯ ವರ್ಷದ ಏರಿಕೆಯನ್ನೇ ಹಚ್ಚಿದ್ದೀರಿ. ಮೊದಲು ಹಂಚಬೇಕು, ಆಮೇಲೆ ಏರಿಸಬೇಕು.

ಡಾಲರಿನಲ್ಲಿ ಕೊಳ್ಳುವ ಸಾಲುಗಳಿದ್ದರೆ ಅವಕ್ಕೆ ಈ ಶೇ 5 ಹಚ್ಚಬೇಡಿ. ವಿನಿಮಯ ದರದ ಏರಿಳಿತ ಬೇರೆಯದೇ ಪ್ರಾಣಿ. ಅಂಥ ಸಾಲುಗಳು ಒಟ್ಟಿನಲ್ಲಿ ಗಣನೀಯವಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದವರನ್ನೂ ನಿಮ್ಮ ಲೆಕ್ಕ ಪರಿಶೋಧಕರನ್ನೂ ಕೇಳಿ.

## ಲಕ್ಷಣ: ಎರಡನೆಯ ವರ್ಷ ಕೇಳಿದಷ್ಟು ಸಿಗಲಿಲ್ಲ, ಆಮೇಲೆ ಯಾವುದೂ ಹಳಿಗೆ ಬರಲಿಲ್ಲ

ಮೇಲಿನ 100 ಕೋಟಿಯ ಯೋಜನೆಗೆ ಶೇ 60ರ ರೇಖೆಯಂತೆ ಎರಡನೆಯ ವರ್ಷ 30.5 ಕೋಟಿ ಕೇಳಿದಿರಿ, 20 ಕೊಟ್ಟರು. ಉಳಿದ 10.5 ಅನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಪಟ್ಟಿಯ ಒಟ್ಟು ಹಾಗೆಯೇ 100 ಎಂದು ತೋರಿಸುತ್ತದೆ. ಹಾಳೆ ಸುಳ್ಳು ಹೇಳುವುದು ಇಲ್ಲಿಯೇ. ಸರಕು ಬಾರದೆ ಕೆಲಸ ನಿಂತರೂ ಸಂಬಳ ನಿಲ್ಲುವುದಿಲ್ಲ, ಶುದ್ಧಕೊಠಡಿಯ ವಿದ್ಯುತ್ ನಿಲ್ಲುವುದಿಲ್ಲ, ಬಾಡಿಗೆ ನಿಲ್ಲುವುದಿಲ್ಲ. ತಿಂಗಳಿಗೆ ಈ ನಿಲ್ಲದ ವೆಚ್ಚ ಎಷ್ಟು ಎಂದು ಬೇರೆ ಸಾಲಿನಲ್ಲಿ ಬರೆದು, ಎಷ್ಟು ತಿಂಗಳು ತಡವಾಗುತ್ತದೋ ಅಷ್ಟರಿಂದ ಗುಣಿಸಿ ಒಟ್ಟಿಗೆ ಸೇರಿಸಿ. ಆ ಅಂಕಿಯೊಡನೆ ಹೋದರೆ ಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಚಟ, ಅನಿರೀಕ್ಷಿತ ಖರ್ಚಿಗೆಂದು ಎತ್ತಿಡುವ ಮೀಸಲು ಮೊತ್ತವನ್ನು ಕೊನೆಯ ವರ್ಷದಲ್ಲಿ ಇಡುವುದು. ನೋಡಲು ಚೆಂದ, ಮೊದಲ ವರ್ಷಗಳ ಬೇಡಿಕೆ ಕಡಿಮೆ ಕಾಣುತ್ತದೆ, ಮಂಜೂರಾತಿ ಸುಲಭವಾಗಿ ಸಿಗುತ್ತದೆ. ಆದರೆ ವಿನ್ಯಾಸದ ತೊಡಕು ತಲೆ ಎತ್ತುವುದು ಎರಡನೆಯ, ಮೂರನೆಯ ವರ್ಷದಲ್ಲಿ. ನಾಸಾದ ಜೇಮ್ಸ್ ವೆಬ್ ದೂರದರ್ಶಕದ ವೆಚ್ಚ ಏಕೆ ಬೆಳೆಯಿತು ಎಂದು 2010ರಲ್ಲಿ ಜಾನ್ ಕಸಾನಿ ನೇತೃತ್ವದ ಸ್ವತಂತ್ರ ಸಮಿತಿ ಪರಿಶೀಲಿಸಿತು. ಅದು ಬೆರಳಿಟ್ಟದ್ದು ತಾಂತ್ರಿಕ ಕೆಲಸದ ಮೇಲಲ್ಲ, ಬಜೆಟ್ ಮತ್ತು ನಿರ್ವಹಣೆಯ ಮೇಲೆ. ಯೋಜನೆ ದೃಢೀಕರಣವಾದ (ಅಂದರೆ ಅದರ ವೆಚ್ಚ, ವೇಳಾಪಟ್ಟಿಗೆ ನಾಸಾ ಅಧಿಕೃತ ಒಪ್ಪಿಗೆ ಕೊಟ್ಟ) ವರ್ಷ ಮತ್ತು ಅದರ ಮರುವರ್ಷ ಮೀಸಲು ಸಾಲದಷ್ಟಿತ್ತು ಎಂಬುದು ಅದರ ಮುಖ್ಯ ಆಕ್ಷೇಪಗಳಲ್ಲಿ ಒಂದು. 2011ರಲ್ಲಿ ಇಡೀ ಲೆಕ್ಕವನ್ನು ಹೊಸದಾಗಿ 8.8 ಬಿಲಿಯನ್ ಡಾಲರಿಗೆ ಕಟ್ಟಿದರು. ದೂರದರ್ಶಕ ಹಾರಿದ್ದು 2021ರ ಡಿಸೆಂಬರ್ 25ರಂದು. ನಮ್ಮಲ್ಲಿ ತೇಜಸ್‌ಗೆ 1983ರಲ್ಲಿ 560 ಕೋಟಿ ಮಂಜೂರಾಗಿತ್ತು, ಮೊದಲ ಹಾರಾಟ 2001ರ ಜನವರಿ 4ರಂದು. ಅದರ ಕಾರಣಗಳು ಹಲವು. ಆದರೆ ಅಷ್ಟು ಉದ್ದಕ್ಕೆ ಹಿಗ್ಗಿದ ಯಾವ ಯೋಜನೆಗೂ ಮೊದಲು ಎಳೆದ ರೇಖೆ ಉಪಯೋಗಕ್ಕೆ ಬರುವುದಿಲ್ಲ, ಹೊಸದಾಗಿ ಎಳೆಯಬೇಕು.

ಎಚ್ಚರಿಕೆ: ಕೊರತೆ ತುಂಬಲು ಪರೀಕ್ಷೆಯ ಸಾಲಿಗೆ ಕೈ ಹಾಕಬೇಡಿ. ಕಂಪನ, ಉಷ್ಣ, ಒತ್ತಡದ ಪರೀಕ್ಷೆಗಳು ಕೊನೆಯಲ್ಲಿ ಬರುವುದರಿಂದ ಅವುಗಳ ಹಣ ಕಣ್ಣಿಗೆ ಕಾಣುವಂತೆ ಉಳಿದಿರುತ್ತದೆ, ಎಲ್ಲರ ಕೈಯೂ ಅತ್ತಲೇ ಹೋಗುತ್ತದೆ. ಹಾರುವ ವಸ್ತುವಿನ ಮಟ್ಟಿಗೆ ಅದು ಜೀವದ ಪ್ರಶ್ನೆ.

## ಲಕ್ಷಣ: ವರ್ಷದ್ದಲ್ಲ, ಒಟ್ಟು ಮೊತ್ತವೇ ಜಿಗಿದಿದೆ

ರೇಖೆಯನ್ನು ಮುಟ್ಟಲೇಬೇಡಿ. ಕೆಲಸದ ವ್ಯಾಪ್ತಿ ಬದಲಾಗಿದೆಯೇ ನೋಡಿ. ಗಗನಯಾನಕ್ಕೆ 2018ರಲ್ಲಿ ಒಪ್ಪಿದ್ದು 9,023 ಕೋಟಿ. 2024ರಲ್ಲಿ 11,170 ಕೋಟಿ ಸೇರಿ 20,193 ಕೋಟಿ ಆಯಿತು. ತಲೆಬರಹವಷ್ಟೇ ಓದಿದವರಿಗೆ ವೆಚ್ಚ ದುಪ್ಪಟ್ಟಾದಂತೆ ಕಂಡಿತು, ಆದರೆ ಪರಿಷ್ಕೃತ ಯೋಜನೆಯೊಳಗೆ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕದ ಕೆಲಸವೂ ಬಂದು ಸೇರಿತ್ತು. ಹೊಸ ಕೆಲಸಕ್ಕೆ ಅದರದೇ ಆರಂಭ, ಅದರದೇ ರೇಖೆ ಬೇಕು. ಎರಡನ್ನೂ ಬೇರೆ ಬೇರೆ ಹಂಚಿ ಆಮೇಲೆ ಕೂಡಿಸಿ. ಹಳೆಯ ರೇಖೆಯನ್ನೇ ಹಿಗ್ಗಿಸಿದರೆ ಕಳೆದುಹೋದ ವರ್ಷಗಳ ಖರ್ಚೂ ಬೆಳೆದುಬಿಡುತ್ತದೆ, ಅದು ಅಸಾಧ್ಯ.

## ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಮಂಜೂರಾದ ಒಟ್ಟು ಮಿತಿ ಮೀರುತ್ತದೆ ಎಂದು ಕಂಡ ಕ್ಷಣ ನಿಲ್ಲಿಸಿ. ಅದನ್ನು ಹಂಚಿಕೆಯ ಜಾಣತನದಿಂದ ಮುಚ್ಚಲಾಗದು. ಹಣ ಕೊಟ್ಟ ಸಂಸ್ಥೆಯ ಹಣಕಾಸು ವಿಭಾಗದ ಲಿಖಿತ ಒಪ್ಪಿಗೆ ಬೇಕು. ಒಂದು ವರ್ಷದ ಉಳಿಕೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ ಎಂಬುದನ್ನು ಊಹಿಸಬೇಡಿ, ಮಂಜೂರಾತಿ ಪತ್ರದ ಷರತ್ತುಗಳಲ್ಲಿ ಓದಿ, ಅಲ್ಲಿ ಇಲ್ಲದಿದ್ದರೆ ಬರೆದು ಕೇಳಿ. ಫೋನಿನಲ್ಲಿ ಸಿಕ್ಕ 'ನಡೆಯುತ್ತದೆ ಬಿಡಿ' ಎಂಬ ಮಾತು ಲೆಕ್ಕ ಪರಿಶೋಧನೆಯ ದಿನ ನಡೆಯುವುದಿಲ್ಲ. ಮೂರು ಬಗೆಯ ರೇಖೆ ಹಾಕಿಯೂ ನಿಜವಾದ ಖರ್ಚು ಸತತ ಎರಡು ತ್ರೈಮಾಸಿಕ ಅಂದಾಜಿನಿಂದ ದೂರವೇ ಉಳಿದರೆ ದೋಷ ಹಂಚಿಕೆಯದಲ್ಲ, ವೇಳಾಪಟ್ಟಿಯದು. ಆಗ ಯೋಜನಾ ಎಂಜಿನಿಯರನ್ನು ಕೂರಿಸಿಕೊಂಡು ಕೆಲಸಗಳ ಅನುಕ್ರಮವನ್ನೇ ಮತ್ತೆ ಬರೆಯಬೇಕಾಗುತ್ತದೆ.

ಸಲಹೆಗೆ ಹೋಗುವಾಗ ಮಂಜೂರಾತಿ ಪತ್ರ, ಗುತ್ತಿಗೆಯ ಕಂತುಗಳ ಪುಟ, ತಿಂಗಳವಾರು ನಿಜವಾದ ಪಾವತಿಯ ಬ್ಯಾಂಕ್ ವಿವರ ಜೊತೆಗಿರಲಿ. ಬಣ್ಣದ ನಕ್ಷೆಗಳ ಮುದ್ರಣಕ್ಕೆ ಹಣ ಹಾಕಬೇಡಿ. ಅನುಭವಿ ಹಣಕಾಸು ಅಧಿಕಾರಿ ಮೊದಲು ಕೇಳುವುದು ಶೂನ್ಯ ದಿನ ಯಾವುದು ಎಂದು, ಎರಡನೆಯದಾಗಿ ಬೆಲೆ ಯಾವ ವರ್ಷದ್ದು ಎಂದು. ಎರಡಕ್ಕೂ ಉತ್ತರ ಹಾಳೆಯ ಮೊದಲ ಸಾಲಿನಲ್ಲೇ ಬರೆದಿಡಿ.